ಪಿಸಿ ಆಟಗಳ ಗ್ರಾಫಿಕ್ಸ್: ನೈಜತೆಯತ್ತ ಮೂರು ದಶಕಗಳ ಆಮೆನಡಿಗೆ

ಕಂಪ್ಯೂಟರ್ ಪರದೆಯ ಮೇಲೆ ಗಾಜನ್ನು ಗಾಜಿನಂತೆಯೇ ತೋರಿಸುವ ವಿದ್ಯೆ ಹೊಸದೇನಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಟರ್ನರ್ ವಿಟೆಡ್ 1980ರಲ್ಲೇ ಅಂಥದೊಂದು ಚಿತ್ರವನ್ನು ಪ್ರಕಟಿಸಿದ್ದರು. ಕೆಂಪು, ಹಳದಿ ಚೌಕಗಳ ನೆಲದ ಮೇಲೆ ಒಂದು ಗಾಜಿನ ಗೋಳ, ಅದರ ಹಿಂದೆ ಕನ್ನಡಿಯಂತೆ ಹೊಳೆಯುವ ಇನ್ನೊಂದು ಗೋಳ. ಒಂದರ ಪ್ರತಿಬಿಂಬ ಇನ್ನೊಂದರಲ್ಲಿ ಕಾಣುತ್ತಿತ್ತು. ಆ ಒಂದೇ ಚಿತ್ರವನ್ನು ಬಿಡಿಸಲು ಅಂದಿನ ವ್ಯಾಕ್ಸ್ 11/780 ಕಂಪ್ಯೂಟರ್ 74 ನಿಮಿಷ ತೆಗೆದುಕೊಂಡಿತ್ತು.

ಕಂಪ್ಯೂಟರ್ ಆಟಕ್ಕೆ ಅಷ್ಟು ಸಮಯವಿರುವುದಿಲ್ಲ. ಪರದೆಯ ಮೇಲಿನ ಚಲನೆ ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರಗಳು ಸಿದ್ಧವಾಗಬೇಕು. ಅಂದರೆ ಒಂದು ಚಿತ್ರಕ್ಕೆ ದೊರೆಯುವುದು ಒಂದು ಸೆಕೆಂಡಿನ 60ನೆಯ ಒಂದು ಭಾಗ ಮಾತ್ರ. ವಿಟೆಡ್ ಅವರ 74 ನಿಮಿಷಕ್ಕೂ ಈ ಅವಧಿಗೂ ಇರುವ ಅಂತರ ಎರಡು ಲಕ್ಷ ಅರವತ್ತಾರು ಸಾವಿರ ಪಟ್ಟು. ಈ ಕಂದಕವನ್ನು ದಾಟಿ ಅದೇ ವಿಧಾನ ಸಾಮಾನ್ಯ ಬಳಕೆದಾರರ ಪಿಸಿ ಆಟಕ್ಕೆ ಬಂದದ್ದು 2018ರಲ್ಲಿ. ನಡುವೆ 38 ವರ್ಷಗಳು ಉರುಳಿದ್ದವು. ಆ ವರ್ಷಗಳಲ್ಲಿ ಆಟಗಳು ತೋರಿಸಿದ ‘ನೈಜತೆ’ಯ ಬಹುಪಾಲು ಜಾಣ ಕಣ್ಕಟ್ಟು ಎಂಬುದು ಗಮನಾರ್ಹ.

ಸೂತ್ರ ಮೊದಲು, ಯಂತ್ರ ಆಮೇಲೆ

ಇಂದಿನ ಆಟಗಳ ಚಿತ್ರ ತಂತ್ರಗಳಲ್ಲಿ ಅನೇಕವು 1970ರ ದಶಕದಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸುತ್ತ ರೂಪುಗೊಂಡವು. ಕಂಪ್ಯೂಟರ್‌ನಲ್ಲಿ ಯಾವ ವಸ್ತುವನ್ನಾದರೂ ಸಣ್ಣ ಸಣ್ಣ ತ್ರಿಕೋನಗಳನ್ನು ಜೋಡಿಸಿ ರಚಿಸಲಾಗುತ್ತದೆ. ಆ ತ್ರಿಕೋನಗಳ ಅಂಚು ಕಾಣದಂತೆ ಬಣ್ಣವನ್ನು ನವಿರಾಗಿ ಹರಡುವ ವಿಧಾನವನ್ನು ಆಂರಿ ಗುರೋ 1971ರಲ್ಲಿ ಮುಂದಿಟ್ಟರು. ಮೇಲ್ಮೈಗೆ ಚಿತ್ರವನ್ನು ಅಂಟಿಸುವ ತಂತ್ರವನ್ನು ಎಡ್ವಿನ್ ಕ್ಯಾಟ್ಮಲ್ 1974ರಲ್ಲಿ ವಿವರಿಸಿದರು. ಮುಂದೆ ಅವರು ಪಿಕ್ಸಾರ್ ಚಿತ್ರಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಹೊಳಪಿನ ಲೆಕ್ಕಾಚಾರವನ್ನು ವಿಯೆಟ್ನಾಂ ಮೂಲದ ಬುಯಿ ತುಯಾಂಗ್ ಫಾಂಗ್ 1975ರಲ್ಲಿ ಪ್ರಕಟಿಸಿದರು. ಚಪ್ಪಟೆ ಮೇಲ್ಮೈಯನ್ನು ಉಬ್ಬುತಗ್ಗಿನಂತೆ ತೋರಿಸುವ ಉಪಾಯ ಜೇಮ್ಸ್ ಬ್ಲಿನ್ ಅವರಿಂದ 1978ರಲ್ಲಿ ಬಂತು. ಒಂದು ಕೋಣೆಯಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಚಿಮ್ಮುವ ಪೂರ್ಣ ವ್ಯವಹಾರವನ್ನು ಜೇಮ್ಸ್ ಕಜಿಯಾ 1986ರಲ್ಲಿ ಒಂದೇ ಸಮೀಕರಣದಲ್ಲಿ ಹಿಡಿದಿಟ್ಟರು.

ಹೀಗೆ 1980ರ ದಶಕ ಮುಗಿಯುವ ಮುನ್ನವೇ ಬೆಳಕಿನ ಗಣಿತ ಸಿದ್ಧವಾಗಿತ್ತು. ಸಿನಿಮಾ ಮಂದಿ ಅದನ್ನು ಬೇಗನೆ ಬಳಸಿಕೊಂಡರು. ಒಂದು ಫ್ರೇಮಿಗೆ ಗಂಟೆಗಟ್ಟಲೆ ಹಿಡಿದರೂ ಅವರಿಗೆ ನಷ್ಟವಿರಲಿಲ್ಲ. ಆಟಗಾರ ಗುಂಡಿ ಒತ್ತಿದೊಡನೆ ಬಾಗಿಲು ತೆರೆಯಬೇಕಾದ ಪಿಸಿ ಆಟ ಮಾತ್ರ ಯಂತ್ರದ ವೇಗಕ್ಕಾಗಿ ಕಾದು ಕೂರಬೇಕಾಯಿತು.

ಕಣ್ಕಟ್ಟಿನ ಕಾಲ

1987ರಲ್ಲಿ ಐಬಿಎಂ ಕಂಪನಿ ಪರಿಚಯಿಸಿದ ವಿಜಿಎ ವ್ಯವಸ್ಥೆಯಲ್ಲಿ ಆಟಗಳು ಬಳಸುತ್ತಿದ್ದುದು ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆಗಳು. ಒಟ್ಟು 64 ಸಾವಿರ ಪಿಕ್ಸೆಲ್, 256 ಬಣ್ಣ. ಐಡಿ ಸಾಫ್ಟ್‌ವೇರ್ ಸಂಸ್ಥೆಯ ‘ವುಲ್ಫೆನ್‌ಸ್ಟೈನ್ 3ಡಿ’ (1992) ಮತ್ತು ‘ಡೂಮ್’ (1993) ಈ ಕಿರಿದಾದ ಪರದೆಯ ಮೇಲೆಯೇ ಆಟಗಾರನನ್ನು ಓಣಿಗಳಲ್ಲಿ ಓಡಾಡಿಸಿದವು. ಆದರೆ ‘ಡೂಮ್’ನಲ್ಲಿ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇರುವುದು ಸಾಧ್ಯವಿರಲಿಲ್ಲ. ಎದುರಾಗುವ ರಾಕ್ಷಸರು ಚಪ್ಪಟೆ ಚಿತ್ರಗಳಾಗಿದ್ದರು. ಕೆಲವು ರಾಕ್ಷಸರ ಜೇಡಿಮಣ್ಣಿನ ಪ್ರತಿಮೆಗಳನ್ನು ಮಾಡಿ, ಬೇರೆ ಬೇರೆ ದಿಕ್ಕುಗಳಿಂದ ಚಿತ್ರ ತೆಗೆದು, ಆಟಗಾರ ನಿಂತ ಕೋನಕ್ಕೆ ತಕ್ಕುದನ್ನು ತೋರಿಸಲಾಗುತ್ತಿತ್ತು.

ಅದೇ 1993ರಲ್ಲಿ ಬಂದ ‘ಮಿಸ್ಟ್’ ಬೇರೊಂದು ದಾರಿ ಹಿಡಿಯಿತು. ಅದರ ದ್ವೀಪದ ದೃಶ್ಯಗಳು ‘ಡೂಮ್’ಗಿಂತ ಎಷ್ಟೋ ಪಾಲು ನೈಜವಾಗಿದ್ದವು. ಕಾರಣ ಸರಳ: ಅವನ್ನೆಲ್ಲ ತಯಾರಕರು ಮೊದಲೇ ಬಿಡಿಸಿ ಸಿಡಿಯಲ್ಲಿ ತುಂಬಿಕೊಟ್ಟಿದ್ದರು. ಆಟಗಾರ ಒಂದು ಚಿತ್ರದಿಂದ ಇನ್ನೊಂದಕ್ಕೆ ದಾಟಬಹುದಿತ್ತೇ ಹೊರತು ಬೇಕಾದಂತೆ ತಿರುಗಿ ನೋಡುವಂತಿರಲಿಲ್ಲ. ಅಂದವೋ ಸ್ವಾತಂತ್ರ್ಯವೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಸ್ಥಿತಿ ಅಂದಿನದು.

1996ರ ‘ಕ್ವೇಕ್’ನಲ್ಲಿ ಶತ್ರುಗಳೂ ತ್ರಿಕೋನಗಳಿಂದಲೇ ರೂಪುಗೊಂಡರು. ಒಂದು ಆಕೃತಿಗೆ ಕೆಲವು ನೂರು ತ್ರಿಕೋನಗಳು. ಗೋಡೆಗಳ ಮೇಲೆ ಬಿದ್ದಿದ್ದ ಮಬ್ಬು ಬೆಳಕು, ನೆರಳುಗಳು ನೋಡುಗರನ್ನು ಬೆರಗುಗೊಳಿಸಿದವು. ಆದರೆ ಆ ಬೆಳಕಿನ ಬಹುಪಾಲನ್ನು ತಯಾರಕರ ಕಂಪ್ಯೂಟರ್‌ಗಳಲ್ಲಿ ಮೊದಲೇ ಲೆಕ್ಕ ಹಾಕಿ ಗೋಡೆಗೆ ಅಂಟಿಸಲಾಗಿತ್ತು. ಅಂಟಿಸಿದ ಬೆಳಕು ಗೋಡೆಯ ಸುಣ್ಣದಂತೆ. ಬಾಗಿಲು ತೆರೆದರೂ ಬೆಳಕು ಒಳಗೆ ಚೆಲ್ಲುವುದಿಲ್ಲ, ಕಂಬ ಉರುಳಿದರೂ ಅದರ ನೆರಳು ಅಲುಗುವುದಿಲ್ಲ. ಮುಂದಿನ ಎರಡು ದಶಕಗಳ ಕಾಲ ಬಹುತೇಕ ಆಟಗಳು ಇದೇ ವಿಧಾನವನ್ನು ನೆಚ್ಚಿಕೊಂಡವು.

ಕಾರ್ಡುಗಳ ಆಗಮನ

ತ್ರಿಕೋನ ತುಂಬುವ ಕೆಲಸವನ್ನೆಲ್ಲ ಕಂಪ್ಯೂಟರ್‌ನ ಮುಖ್ಯ ಪ್ರೊಸೆಸರ್ ಮಾಡುತ್ತಿದ್ದ ಕಾಲವದು. 1996ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ‘ವೂಡೂ’ ಕಾರ್ಡ್ ಆ ಹೊರೆಯನ್ನು ಹೊತ್ತುಕೊಂಡಿತು. ಅದರಲ್ಲಿದ್ದ ಮೆಮೊರಿ 4 ಎಂಬಿ. ಸಾಮಾನ್ಯ ಚಿತ್ರ ತೋರಿಸಲು ಬರದಿದ್ದುದರಿಂದ ಇನ್ನೊಂದು ಕಾರ್ಡ್ ಜೊತೆಗಿರಲೇಬೇಕಿತ್ತು. ಎರಡಕ್ಕೂ ಹೊರಗಿನಿಂದ ಒಂದು ಕೇಬಲ್ ಜೋಡಿಸಬೇಕಿತ್ತು. ಆದರೂ ‘ಕ್ವೇಕ್’ ಆಟದ ಒರಟು ಚುಕ್ಕೆಗಳು ಅದರಲ್ಲಿ ನುಣುಪಾಗಿ ಕಂಡಾಗ ಆಟಗಾರರು ಕಾರ್ಡ್ ಕೊಳ್ಳಲು ಮುಗಿಬಿದ್ದರು.

1999ರಲ್ಲಿ ಎನ್‌ವಿಡಿಯಾ ಕಂಪನಿ ‘ಜಿಫೋರ್ಸ್ 256’ ಅನ್ನು ಜಗತ್ತಿನ ಮೊದಲ ಜಿಪಿಯು ಎಂದು ಕರೆದು ಮಾರುಕಟ್ಟೆಗೆ ತಂದಿತು. ಮರುವರ್ಷದ ಕೊನೆಯಲ್ಲಿ 3ಡಿಎಫ್‌ಎಕ್ಸ್ ತನ್ನ ಆಸ್ತಿಯನ್ನು ಇದೇ ಪ್ರತಿಸ್ಪರ್ಧಿಗೆ ಮಾರಿ ಕಣದಿಂದ ನಿರ್ಗಮಿಸಿತು. 2001ರ ‘ಜಿಫೋರ್ಸ್ 3’ ಇನ್ನೂ ಮಹತ್ವದ ತಿರುವು. ಅದುವರೆಗೆ ಕಾರ್ಡಿಗೆ ಕಾರ್ಖಾನೆಯಲ್ಲಿ ಕಲಿಸಿದಷ್ಟೇ ಗೊತ್ತಿರುತ್ತಿತ್ತು. ಈಗ ಪ್ರತಿ ಪಿಕ್ಸೆಲ್‌ನ ಬಣ್ಣವನ್ನು ಹೇಗೆ ಲೆಕ್ಕ ಹಾಕಬೇಕೆಂದು ಆಟ ಬರೆಯುವವರೇ ಆದೇಶಿಸಬಹುದಾಯಿತು. ಶೇಡರ್ ಎಂದು ಕರೆಯಲಾಗುವ ಈ ಕಿರು ಪ್ರೋಗ್ರಾಂಗಳಿಂದಾಗಿಯೇ ಫಾಂಗ್ ಮತ್ತು ಬ್ಲಿನ್ ಅವರ ಹಳೆಯ ಸೂತ್ರಗಳು ಮನೆಯ ಪಿಸಿಗೆ ಪೂರ್ಣವಾಗಿ ಇಳಿದವು. ಅಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು.

ಮೂರು ಆಟ, ಮೂರು ದಾರಿ

2004 ಪಿಸಿ ಆಟಗಳ ಪಾಲಿಗೆ ಸುಗ್ಗಿಯ ವರ್ಷ. ಜರ್ಮನಿಯ ಕ್ರೈಟೆಕ್ ಸಂಸ್ಥೆಯ ‘ಫಾರ್ ಕ್ರೈ’ ಕಣ್ಣು ಹಾಯಿಸಿದಷ್ಟು ದೂರ ಹಬ್ಬಿದ ಉಷ್ಣವಲಯದ ದ್ವೀಪವನ್ನು ತೋರಿಸಿತು. ವಾಲ್ವ್ ಸಂಸ್ಥೆಯ ‘ಹಾಫ್ ಲೈಫ್ 2’ ಮುಖಭಾವಕ್ಕೆ ಒತ್ತು ಕೊಟ್ಟಿತು. ಮನಶ್ಶಾಸ್ತ್ರಜ್ಞ ಪಾಲ್ ಎಕ್‌ಮನ್ ಅವರು ಮುಖದ ಸ್ನಾಯುಗಳ ಚಲನೆಯನ್ನು ವರ್ಗೀಕರಿಸಿದ್ದ ಪದ್ಧತಿಯನ್ನು ಆಧರಿಸಿ ಅದರ ಪಾತ್ರಗಳು ಹುಬ್ಬು ಗಂಟಿಕ್ಕಿದವು, ನಸುನಕ್ಕವು.

‘ಡೂಮ್ 3’ ಮಾತ್ರ ಅಂಟಿಸಿದ ಬೆಳಕನ್ನು ಕೈಬಿಟ್ಟು, ದೀಪ ಅಲುಗಿದರೆ ನೆರಳೂ ಅಲುಗುವ ಸಾಹಸಕ್ಕೆ ಕೈಹಾಕಿತು. ಆದರೆ ಗೋಡೆಗೆ ತಾಗಿ ಚಿಮ್ಮುವ ಬೆಳಕನ್ನು ಲೆಕ್ಕ ಹಾಕುವ ಶಕ್ತಿ ಆಗಿನ ಕಾರ್ಡುಗಳಿಗೆ ಇರಲಿಲ್ಲ. ಹೀಗಾಗಿ ದೀಪದ ನೇರ ಬೆಳಕು ಬೀಳದ ಜಾಗವೆಲ್ಲ ಕಗ್ಗತ್ತಲಾಯಿತು. ಸಾಲದ್ದಕ್ಕೆ ಆಟದಲ್ಲಿ ಬಂದೂಕು ಹಿಡಿದರೆ ಟಾರ್ಚ್ ಹಿಡಿಯುವಂತಿರಲಿಲ್ಲ. ಬೇಸತ್ತ ಅಭಿಮಾನಿಗಳು ಬಂದೂಕಿಗೇ ಟಾರ್ಚನ್ನು ಅಂಟುಪಟ್ಟಿಯಿಂದ ಸುತ್ತಿದಂತೆ ತೋರಿಸುವ ಪುಟ್ಟ ತಿದ್ದುಪಡಿಯೊಂದನ್ನು ತಾವೇ ಬರೆದು ಹಂಚಿಕೊಂಡರು. ಬೆಳಕಿನ ಒಂದು ಪಾಲನ್ನಷ್ಟೇ ನಿಜವಾಗಿಸಿದರೆ ಉಳಿದ ಪಾಲಿನ ಕೊರತೆ ಎದ್ದು ಕಾಣುತ್ತದೆ ಎಂಬುದಕ್ಕೆ ಈ ಪ್ರಸಂಗ ಒಳ್ಳೆಯ ನಿದರ್ಶನ.

‘ಕ್ರೈಸಿಸ್’ ಮತ್ತು ಅನಂತರದ ಮಂದಗತಿ

ಕ್ರೈಟೆಕ್ ಸಂಸ್ಥೆಯೇ ನವೆಂಬರ್ 2007ರಲ್ಲಿ ಹೊರತಂದ ‘ಕ್ರೈಸಿಸ್’ ಇಂದಿಗೂ ಮೈಲಿಗಲ್ಲು. ಎಲೆಗಳ ಮೂಲಕ ಹಾಯುವ ಬಿಸಿಲು, ಗುಂಡೇಟಿಗೆ ತುಂಡಾಗುವ ಮರ, ಮೂಲೆಗಳಲ್ಲಿ ತಾನಾಗಿ ಗಾಢವಾಗುವ ನೆರಳು ಅದರಲ್ಲಿದ್ದವು. 68 ಕೋಟಿ ಟ್ರಾನ್ಸಿಸ್ಟರುಗಳ ‘ಜಿಫೋರ್ಸ್ 8800 ಜಿಟಿಎಕ್ಸ್’ ಹಾಕಿದರೂ ಗರಿಷ್ಠ ಗುಣಮಟ್ಟದಲ್ಲಿ ಅದು ಸರಾಗವಾಗಿ ಓಡುತ್ತಿರಲಿಲ್ಲ. ಹೊಸ ಕಂಪ್ಯೂಟರ್ ಕಂಡೊಡನೆ ‘ಇದರಲ್ಲಿ ಕ್ರೈಸಿಸ್ ಓಡುತ್ತದೆಯೇ?’ ಎಂದು ಕೇಳುವುದು ಆಟಗಾರರ ವಲಯದಲ್ಲಿ ಗಾದೆಯಂತಾಯಿತು.

ಈ ಆಟವನ್ನು ಬರೆದವರು ಪ್ರೊಸೆಸರ್‌ಗಳ ವೇಗ ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುತ್ತದೆಂದು ನಂಬಿದ್ದರು. ಆದರೆ ಶಾಖದ ಸಮಸ್ಯೆಯಿಂದಾಗಿ 2005ರ ಸುಮಾರಿಗೆ ಆ ಓಟ ಕುಂಟತೊಡಗಿತು. ಕಂಪನಿಗಳು ವೇಗ ಹೆಚ್ಚಿಸುವ ಬದಲು ಒಂದೇ ಚಿಪ್‌ನಲ್ಲಿ ಹಲವು ಕೋರ್‌ಗಳನ್ನು ಇಡತೊಡಗಿದವು. ಒಂದು ಕೋರ್‌ನ ವೇಗವನ್ನೇ ನೆಚ್ಚಿದ್ದ ‘ಕ್ರೈಸಿಸ್’ ಹೀಗಾಗಿ ಎಷ್ಟೋ ವರ್ಷಗಳ ನಂತರದ ಯಂತ್ರಗಳಿಗೂ ಭಾರವಾಗಿಯೇ ಉಳಿಯಿತು.

ಆ ಬಳಿಕ ಸುಮಾರು ಆರು ವರ್ಷ ನೈಜತೆಯ ನಡಿಗೆ ಮಂದವಾಯಿತು. ದೊಡ್ಡ ಆಟಗಳ ಖರ್ಚು ಹೆಚ್ಚಿದಂತೆ ಅವನ್ನು ಪಿಸಿಗೆ ಮಾತ್ರ ಮಾಡಿದರೆ ಗಿಟ್ಟದೆಂಬ ಲೆಕ್ಕಾಚಾರ ಬಲವಾಯಿತು. ಪೈರಸಿಯ ಹೊಡೆತವನ್ನು ಉಲ್ಲೇಖಿಸಿ ಕ್ರೈಟೆಕ್ ಕೂಡ ಪಿಸಿಗಷ್ಟೇ ಸೀಮಿತವಾದ ಆಟಗಳಿಂದ ಹಿಂದೆ ಸರಿಯುವುದಾಗಿ 2008ರಲ್ಲಿ ತಿಳಿಸಿತು. ಆಟಗಳು ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3 ಯಂತ್ರಗಳನ್ನೂ ಗಮನದಲ್ಲಿಟ್ಟು ತಯಾರಾದವು. ಆ ಯಂತ್ರಗಳಲ್ಲಿದ್ದ ಒಟ್ಟು ಮೆಮೊರಿ ತಲಾ 512 ಎಂಬಿ. ಮನೆಯ ಪಿಸಿಯಲ್ಲಿ ಅದರ ಎಷ್ಟೋ ಪಟ್ಟು ಇದ್ದರೂ, 2013ರ ಕೊನೆಯಲ್ಲಿ ಹೊಸ ಯಂತ್ರಗಳು ಬರುವವರೆಗೆ ಆಟಗಳ ಅಳತೆಗೋಲು ಅದೇ ಆಗಿತ್ತು.

ಲೋಹ, ಮರ ಮತ್ತು ಮನುಷ್ಯನ ಮುಖ

ಈ ಮಂದಗತಿಯ ಕೊನೆಯಲ್ಲಿ ಸದ್ದಿಲ್ಲದೆ ಒಂದು ಬದಲಾವಣೆ ಆಯಿತು. ಮೊದಲು ಲೋಹದ ಹೊಳಪು, ಮರದ ಮಂಕುತನಗಳನ್ನು ಕಲಾವಿದರು ದೃಶ್ಯಕ್ಕೊಂದರಂತೆ ಕೈಯಿಂದ ಹೊಂದಿಸುತ್ತಿದ್ದರು. ಬೆಳಗಿನ ದೃಶ್ಯಕ್ಕೆ ಹೊಂದಿಸಿದ್ದು ಸಂಜೆಯ ದೃಶ್ಯದಲ್ಲಿ ಪ್ಲಾಸ್ಟಿಕ್‌ನಂತೆ ಕಾಣುತ್ತಿತ್ತು. ವಸ್ತು ಲೋಹವೇ, ಎಷ್ಟು ಒರಟು ಎಂಬ ಗುಣಗಳನ್ನಷ್ಟೇ ನಮೂದಿಸಿ, ಉಳಿದುದನ್ನು ಬೆಳಕಿನ ಭೌತಶಾಸ್ತ್ರಕ್ಕೆ ಬಿಡುವ ಪದ್ಧತಿಯನ್ನು ಡಿಸ್ನಿ ಸಂಸ್ಥೆಯ ತಂತ್ರಜ್ಞರು 2012ರಲ್ಲಿ ವಿವರಿಸಿದರು. ಒಂದೆರಡು ವರ್ಷಗಳಲ್ಲೇ ಆಟಗಳು ಅದನ್ನು ಅಳವಡಿಸಿಕೊಂಡವು. 2014ರಲ್ಲಿ ಬಂದ ಪೋಲೆಂಡಿನ ‘ದಿ ವ್ಯಾನಿಶಿಂಗ್ ಆಫ್ ಈಥನ್ ಕಾರ್ಟರ್’ ಆಟಕ್ಕಾಗಿ ನಿಜವಾದ ಬಂಡೆ, ಕಟ್ಟಡಗಳ ನೂರಾರು ಫೋಟೊ ತೆಗೆದು, ಅವುಗಳಿಂದಲೇ ಆಕೃತಿಗಳನ್ನು ಕಟ್ಟಲಾಯಿತು. ಬಂಡೆ, ಕಬ್ಬಿಣ, ಮಳೆಗೆ ನೆಂದ ರಸ್ತೆಗಳು ಅಲ್ಲಿಂದಾಚೆಗೆ ಫೋಟೊದಂತೆ ಕಾಣತೊಡಗಿದವು.

ಮನುಷ್ಯನ ಮುಖ ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಚರ್ಮದ ಮೇಲೆ ಬಿದ್ದ ಬೆಳಕು ಸ್ವಲ್ಪ ಒಳಕ್ಕಿಳಿದು, ಚೆದುರಿ, ಹೊರಬರುತ್ತದೆ. ಬಿಸಿಲಿಗೆ ಅಡ್ಡ ಹಿಡಿದ ಕಿವಿ ಕೆಂಪಗೆ ಕಾಣುವುದು ಇದರಿಂದಲೇ. ಇದನ್ನು ಲೆಕ್ಕ ಹಾಕುವ ಉಪಯುಕ್ತ ವಿಧಾನ 2001ರಲ್ಲಷ್ಟೇ ಪ್ರಕಟವಾಯಿತು. ಚಲನೆಯದು ಇನ್ನೊಂದು ತೊಡಕು. 2011ರ ‘ಎಲ್.ಎ. ನ್ವಾರ್’ ಆಟಕ್ಕೆ ನಟರ ಸುತ್ತ 32 ಕ್ಯಾಮೆರಾ ಇಟ್ಟು ಮುಖವನ್ನು ಸೆರೆಹಿಡಿದರೂ, ಮುಖಕ್ಕೂ ಮೈಗೂ ಹೊಂದಿಕೆಯಾಗಲಿಲ್ಲ ಎಂಬ ಟೀಕೆ ಬಂತು. ಗೊಂಬೆಯು ಮನುಷ್ಯನನ್ನು ಬಹುಪಾಲು ಹೋಲಿ ಒಂದಿಷ್ಟು ಮಾತ್ರ ಎಡವಿದಾಗ ನೋಡುಗರಿಗೆ ಒಲವಿನ ಬದಲು ಹೇವರಿಕೆ ಉಂಟಾಗುತ್ತದೆ ಎಂದು ಜಪಾನಿನ ರೋಬೊ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಗುರುತಿಸಿದ್ದರು. ಗ್ರಾಫಿಕ್ಸ್ ಉತ್ತಮಗೊಂಡಷ್ಟೂ ಉಳಿದ ಸಣ್ಣ ದೋಷ ದೊಡ್ಡದಾಗಿ ಕಾಣುವ ಈ ಕಣಿವೆಯನ್ನು ಆಟಗಳು ಇನ್ನೂ ಪೂರ್ತಿ ದಾಟಿಲ್ಲ.

ಕಿರಣದ ಜಾಡು ಹಿಡಿದು

ವಿಟೆಡ್ ಅವರ ವಿಧಾನದ ಹೆಸರು ರೇ ಟ್ರೇಸಿಂಗ್. ಕಣ್ಣಿನಿಂದ ಹೊರಟ ಕಿರಣವೊಂದು ಯಾವ ವಸ್ತುವಿಗೆ ತಾಗಿ, ಎತ್ತ ಚಿಮ್ಮಿ, ಯಾವ ದೀಪವನ್ನು ಮುಟ್ಟುತ್ತದೆಂದು ಹಿಮ್ಮುಖವಾಗಿ ಜಾಡು ಹಿಡಿಯುವುದೇ ಇದರ ತಿರುಳು. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ. ಪಿಕ್ಸೆಲ್‌ಗೆ ಒಂದೇ ಕಿರಣವೆಂದರೂ ಸೆಕೆಂಡಿಗೆ ಸುಮಾರು 50 ಕೋಟಿ ಕಿರಣಗಳಾದವು. ಸಿನಿಮಾದಲ್ಲಿ ಪಿಕ್ಸೆಲ್ ಒಂದಕ್ಕೆ ನೂರಾರು ಕಿರಣ ಬಳಸುವುದುಂಟು.

ಇದಕ್ಕೆಂದೇ ಪ್ರತ್ಯೇಕ ಭಾಗವಿದ್ದ ‘ಆರ್‌ಟಿಎಕ್ಸ್ 20’ ಸರಣಿಯ ಕಾರ್ಡುಗಳನ್ನು ಎನ್‌ವಿಡಿಯಾ ಆಗಸ್ಟ್ 2018ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಅನಾವರಣ ಮಾಡಿತು. ಅದೇ ನವೆಂಬರ್‌ನಲ್ಲಿ ‘ಬ್ಯಾಟಲ್‌ಫೀಲ್ಡ್ 5’ ಆಟದ ಪ್ರತಿಬಿಂಬಗಳಿಗೆ ಈ ವಿಧಾನ ಬಳಕೆಯಾಯಿತು. 2019ರಲ್ಲಿ ಬಂದ ‘ಕ್ವೇಕ್ 2 ಆರ್‌ಟಿಎಕ್ಸ್’ ದೃಶ್ಯದ ಬೆಳಕನ್ನೆಲ್ಲ ಕಿರಣಗಳಿಂದಲೇ ಲೆಕ್ಕ ಹಾಕಿತು. ಅದಕ್ಕೆ ಆರಿಸಿಕೊಂಡದ್ದು 1997ರ ಸರಳ ಆಟವನ್ನು ಎಂಬುದು ಯಂತ್ರದ ಮಿತಿಯನ್ನೇ ಹೇಳುತ್ತದೆ. ಏಪ್ರಿಲ್ 2023ರಲ್ಲಿ ‘ಸೈಬರ್‌ಪಂಕ್ 2077’ ಆಟಕ್ಕೂ ಈ ಸೌಲಭ್ಯ ಬಂತು. 7,630 ಕೋಟಿ ಟ್ರಾನ್ಸಿಸ್ಟರುಗಳ, 450 ವ್ಯಾಟ್ ವಿದ್ಯುತ್ ಬೇಡುವ ‘ಆರ್‌ಟಿಎಕ್ಸ್ 4090’ ಕೂಡ ಯಾವ ನೆರವೂ ಇಲ್ಲದೆ 4ಕೆ ಪರದೆಯಲ್ಲಿ ಅದನ್ನು ಸೆಕೆಂಡಿಗೆ 20ರಷ್ಟು ಫ್ರೇಮ್ ವೇಗದಲ್ಲೂ ಓಡಿಸಲು ಏದುಸಿರು ಬಿಟ್ಟಿತು.

ಇಲ್ಲಿ ಮತ್ತೆ ಕಣ್ಕಟ್ಟು ಕೈಹಿಡಿಯಿತು. ಕೆಲವೇ ಕಿರಣಗಳಿಂದ ಸಿಗುವ ಚುಕ್ಕೆಚುಕ್ಕೆಯಾದ ಚಿತ್ರವನ್ನು ಶುಚಿಗೊಳಿಸುವುದು, ಚಿಕ್ಕ ಚಿತ್ರವನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ದೊಡ್ಡದಾಗಿಸುವುದು ಸಾಮಾನ್ಯವಾಯಿತು. ಡಿಎಲ್‌ಎಸ್‌ಎಸ್ ಎಂಬ ಈ ತಂತ್ರ 2022ರಲ್ಲಿ ಎರಡು ಫ್ರೇಮುಗಳ ನಡುವೆ ಇನ್ನೊಂದನ್ನು ತಾನೇ ಕಲ್ಪಿಸಿ ತುಂಬುವ ಮಟ್ಟಕ್ಕೆ ಬಂತು. 2025ರ ಆವೃತ್ತಿಯಲ್ಲಿ ನಾಲ್ಕು ಫ್ರೇಮುಗಳಲ್ಲಿ ಮೂರನ್ನು ಹೀಗೆ ಕಲ್ಪಿಸಬಹುದು. ಚಲನೆ ನುಣುಪಾಗಿ ಕಾಣುತ್ತದೆ ನಿಜ. ಆದರೆ ನಡುವೆ ತುಂಬಿದ ಫ್ರೇಮಿಗೆ ಆಟಗಾರ ಆಗಷ್ಟೇ ಒತ್ತಿದ ಗುಂಡಿಯ ಅರಿವಿರುವುದಿಲ್ಲ. ಹೀಗಾಗಿ ಕಣ್ಣಿಗೆ ವೇಗವೆನಿಸಿದ್ದು ಕೈಗೆ ಅಷ್ಟೇ ಚುರುಕೆನಿಸುವುದಿಲ್ಲ. ಇಂಥವನ್ನು ‘ಸುಳ್ಳು ಫ್ರೇಮು’ಗಳೆಂದು ಆಟಗಾರರು ಹಳಿಯುವುದು ಇದೇ ಕಾರಣಕ್ಕೆ.

ಬೆಂಗಳೂರಿನ ಪಾಲು

ನೈಜತೆ ಹೆಚ್ಚಿದಂತೆ ಒಂದು ಕಾರು, ಒಂದು ಬೀದಿಯನ್ನು ರೂಪಿಸಲು ಬೇಕಾದ ಕೈಗಳೂ ಹೆಚ್ಚಿದವು. ಹಿಂದೆ ಒಬ್ಬ ಕಲಾವಿದ ಕೆಲವು ದಿನಗಳಲ್ಲಿ ಮುಗಿಸುತ್ತಿದ್ದ ಆಕೃತಿಗೆ ತಂಡವೊಂದು ವಾರಗಟ್ಟಲೆ ದುಡಿಯಬೇಕಾಯಿತು. ಪಾಶ್ಚಾತ್ಯ ಸಂಸ್ಥೆಗಳು ಈ ಕೆಲಸವನ್ನು ಹೊರಗುತ್ತಿಗೆಗೆ ಕೊಡತೊಡಗಿದಾಗ ಬೆಂಗಳೂರಿಗೂ ಅದರ ಪಾಲು ದಕ್ಕಿತು. ರಾಜೇಶ್ ರಾವ್ 1997ರಲ್ಲಿ ನಗರದಲ್ಲಿ ಸ್ಥಾಪಿಸಿದ ಧ್ರುವ ಇಂಟರ್‌ಆಕ್ಟಿವ್ ಭಾರತದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ‘ಫೋರ್ಜಾ ಹೊರೈಜನ್ 4’, ‘ಸೀ ಆಫ್ ಥೀವ್ಸ್’ನಂತಹ ಹೆಸರಾಂತ ಆಟಗಳಿಗೆ ಅದು ಚಿತ್ರ ಕೆಲಸ ಮಾಡಿಕೊಟ್ಟಿತು. ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಜ್, 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡವು.

ಹೊರಗುತ್ತಿಗೆಯ ನೌಕರಿ ಎಷ್ಟು ನಾಜೂಕು ಎಂಬುದೂ ಇದೇ ನಗರದಲ್ಲಿ ಕಂಡುಬಂತು. ಸಿನಿಮಾ ದೃಶ್ಯ ಪರಿಣಾಮಗಳ ಜೊತೆಗೆ ಆಟಗಳ ಚಿತ್ರ ಕೆಲಸವನ್ನೂ ಮಾಡುತ್ತಿದ್ದ ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಫೆಬ್ರುವರಿ 2025ರಲ್ಲಿ ಕುಸಿದಾಗ ಅದರ ಬೆಂಗಳೂರು ಕಚೇರಿಯೂ ಮುಚ್ಚಿತು. ಭಾರತದಲ್ಲಿ ಸಾವಿರಾರು ಉದ್ಯೋಗಿಗಳು ಕೆಲಸ ಕಳೆದುಕೊಂಡರು.

ಹೊರೆ ಯಾರ ಮೇಲೆ?

200 ತ್ರಿಕೋನಗಳ ಆಕೃತಿಯನ್ನು 2 ಸಾವಿರಕ್ಕೆ ಏರಿಸಿದರೆ ಯಾರಿಗಾದರೂ ವ್ಯತ್ಯಾಸ ಕಾಣುತ್ತದೆ. 2 ಲಕ್ಷವನ್ನು 20 ಲಕ್ಷಕ್ಕೆ ಏರಿಸಿದರೆ ಹುಡುಕಿ ನೋಡಬೇಕು. ಶ್ರಮ ಮಾತ್ರ ಎರಡೂ ಕಡೆ ಹತ್ತು ಪಟ್ಟು. ಐದು ವರ್ಷ ಹಿಂದೆ 5 ಕೋಟಿಯಿಂದ 15 ಕೋಟಿ ಡಾಲರ್ ಇದ್ದ ದೊಡ್ಡ ಆಟಗಳ ತಯಾರಿಕಾ ವೆಚ್ಚ 20 ಕೋಟಿ ಡಾಲರ್ ದಾಟಿದೆಯೆಂದು ಬ್ರಿಟನ್ನಿನ ಸ್ಪರ್ಧಾ ನಿಯಂತ್ರಣ ಸಂಸ್ಥೆ 2023ರ ವರದಿಯಲ್ಲಿ ದಾಖಲಿಸಿತು. ಅಷ್ಟು ಹಣ ಹೂಡಿದ ಆಟ ಸೋತರೆ ಇಡೀ ಸಂಸ್ಥೆಯೇ ಅಲುಗಾಡುತ್ತದೆ.

ಆಟಗಾರರ ಮೇಲಿನ ಹೊರೆಯೂ ಕಡಿಮೆಯಲ್ಲ. ವಾಲ್ವ್ ಸಂಸ್ಥೆಯ ಸ್ಟೀಮ್ ಮಳಿಗೆ ನಡೆಸುವ ಸಮೀಕ್ಷೆಯಲ್ಲಿ 2022ರ ಕೊನೆಯವರೆಗೂ ಹಲವು ವರ್ಷ ಮೊದಲ ಸ್ಥಾನದಲ್ಲಿದ್ದುದು 2016ರಲ್ಲಿ ಬಂದ ಮಧ್ಯಮ ದರ್ಜೆಯ ‘ಜಿಟಿಎಕ್ಸ್ 1060’ ಕಾರ್ಡ್. ರೇ ಟ್ರೇಸಿಂಗ್‌ಗೆ ಬೇಕಾದ ಭಾಗ ಅದರಲ್ಲಿ ಇರಲಿಲ್ಲ. ಆಟ ಮಾಡುವವರು ಇಂಥ ಬಹುಸಂಖ್ಯಾತರನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ. ಡಿಸೆಂಬರ್ 2024ರ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್’ ಹಾಗೂ ಮೇ 2025ರ ‘ಡೂಮ್: ದಿ ಡಾರ್ಕ್ ಏಜಸ್’ ಆಟಗಳು ರೇ ಟ್ರೇಸಿಂಗ್ ಬಲ್ಲ ಕಾರ್ಡನ್ನು ಕಡ್ಡಾಯ ಮಾಡಿದವು. ಹಳೆಯ ಕಾರ್ಡ್ ಇದ್ದವರಿಗೆ ಅಲ್ಲಿ ಪ್ರವೇಶವಿಲ್ಲ. ಇತ್ತ ಎನ್‌ವಿಡಿಯಾದ ವರಮಾನದ ಬಹುಪಾಲು ಈಗ ಬರುತ್ತಿರುವುದು ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳಿಂದ. ಆಟಗಾರರ ದುಡ್ಡಿನಿಂದ ಬೆಳೆದ ಉದ್ಯಮದಲ್ಲಿ ಆಟಗಾರ ಈಗ ಮೊದಲ ಗಿರಾಕಿಯಲ್ಲ.

ನೈಜತೆಯೊಂದೇ ಆಟವನ್ನು ಗೆಲ್ಲಿಸುವುದಿಲ್ಲ ಎಂಬುದೂ ರುಜುವಾತಾಗಿದೆ. ಚೌಕಾಕಾರದ ಇಟ್ಟಿಗೆಗಳ ಲೋಕವಾದ ‘ಮೈನ್‌ಕ್ರಾಫ್ಟ್’ನ 30 ಕೋಟಿ ಪ್ರತಿಗಳು 2023ರ ಹೊತ್ತಿಗೆ ಮಾರಾಟವಾಗಿದ್ದವು. ಆದರೂ ನೈಜತೆಯ ಬೆನ್ನಟ್ಟುವಿಕೆ ನಿಂತಿಲ್ಲ. ಮೂರು ದಶಕ ಗೋಡೆಗೆ ಅಂಟಿಸಿದ್ದ ಬೆಳಕು ಈಗ ಬಾಗಿಲು ತೆರೆದರೆ ಒಳಗೆ ಚೆಲ್ಲುತ್ತದೆ. ಅದಕ್ಕೆ ತೆರುವ ಬೆಲೆ ಸಾಮಾನ್ಯ ಆಟಗಾರನ ಕೈಗೆಟುಕುವ ಮಟ್ಟಕ್ಕೆ ಇಳಿಯುವುದಷ್ಟೇ ಬಾಕಿ ಇದೆ.

ಪ್ರಮುಖ ಘಟ್ಟಗಳು

1980: ಟರ್ನರ್ ವಿಟೆಡ್ ಅವರಿಂದ ರೇ ಟ್ರೇಸಿಂಗ್ ಚಿತ್ರ
1993: ‘ಡೂಮ್’, ‘ಮಿಸ್ಟ್’ ಬಿಡುಗಡೆ
1996: ‘ಕ್ವೇಕ್’ ಆಟ, ‘ವೂಡೂ’ ಕಾರ್ಡ್
2001: ಶೇಡರ್ ಬರೆಯಬಹುದಾದ ‘ಜಿಫೋರ್ಸ್ 3’
2004: ‘ಫಾರ್ ಕ್ರೈ’, ‘ಡೂಮ್ 3’, ‘ಹಾಫ್ ಲೈಫ್ 2’
2007: ‘ಕ್ರೈಸಿಸ್’
2018: ಆಟಗಳಲ್ಲಿ ರೇ ಟ್ರೇಸಿಂಗ್ ಆರಂಭ
2023: ‘ಸೈಬರ್‌ಪಂಕ್ 2077’ಕ್ಕೆ ಪೂರ್ಣ ಪ್ರಮಾಣದ ಕಿರಣ ಲೆಕ್ಕಾಚಾರ